ಓದುಗರ ಪ್ರಶ್ನೆ: ಈ ಟೀಶರ್ಟ್ ಮೇಲಿರೋ 'ಹತ್ತಿಯವ್ರು' ಯಾರು ಸ್ವಾಮಿ?

ಹೋದ ಸಂಚಿಕೇಲಿ ದಾವಣಗೆರೆ ನಿಟುವಳ್ಳಿಯ ಓದುಗರೊಬ್ರು ಕೇಳಿದ್ದ ಪ್ರಶ್ನೆಗೆ "ಅದು ಮೆಕ್ಸಿಕೋ ದೇಶದ ಬೇಸ್‌ಬಾಲ್ ಟೀಮು, ಹೆಸರಿನ ಅರ್ಥ ಹತ್ತಿಯವ್ರು ಅಂತ, ಅಲ್ಲಿ ಕಂಬಳಿಯವ್ರು ಹಮಾಲ್ರು ಅನ್ನೋ ಹೆಸರಿನ ಟೀಮುಗಳೂ ಇದಾವೆ" ಅಂತ ಮೂರು ಸಾಲು ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಟ್ಟಿದ್ದೆ. ತಪ್ಪಾಯ್ತು. ಅದಾದ್ಮೇಲೆ ಬಂದಿರೋ ಕಾಗದ, ವಾಟ್ಸಾಪು ನೋಡಿದ್ರೆ ಅರ್ಧಂಬರ್ಧ ಹೇಳಿ ಬಿಟ್ಟಿದ್ದಕ್ಕೆ ಬೈದೋರೇ ಜಾಸ್ತಿ. ಅದಕ್ಕೆ ಈ ಸಲ ಪುಟ ಪೂರ್ತಿ ಇದಕ್ಕೇ ಬಿಟ್ಟಿದೀನಿ, ಮಂಡಿನೋವಿಗೆ ಮನೆಮದ್ದು ಕೇಳಿದವ್ರು, ಸೈಟಿನ ಖಾತೆ ಬಗ್ಗೆ ಕೇಳಿದವ್ರು ದಯವಿಟ್ಟು ಒಂದು ಸಂಚಿಕೆ ತಡ್ಕೊಳ್ಳಿ.

ಪ್ರಶ್ನೆ: ಸರ್, ನಮ್ಮ ಹುಡುಗ ಫುಟ್‌ಪಾತಲ್ಲಿ ಗುಡ್ಡೆ ಹಾಕ್ಕೊಂಡು ಮಾರ್ತಿದ್ದಲ್ಲಿ 150 ರೂಪಾಯಿಗೆ ಒಂದು ಮರೂನ್ ಕಲರ್ ಟೀಶರ್ಟ್ ತಂದ. ಮೇಲೆ ಏನೋ 'ಅಲ್ಗೊದೊನೆರೋಸ್ ಉನಿಯೋನ್ ಲಗೂನಾ' ಅಂತ ಬರೆದೈತೆ. ನಮ್ಮಪ್ಪ 28 ವರ್ಷ ಇಲ್ಲೇ ಹತ್ತಿ ಮಿಲ್ಲಲ್ಲಿ ದುಡಿದವ್ರು, ನೀವು ಅರ್ಥ ಹತ್ತಿಯವ್ರು ಅಂತ ಬರೆದಿದ್ದು ಓದಿ ಹೇಳಿದ್ರೆ ಟೀಶರ್ಟ್ ಇಸ್ಕೊಂಡು ಒಳಗಿನ ಲೇಬಲ್ ನೋಡಿ "ಇದು ಪೂರಾ ಪಾಲಿಯೆಸ್ಟರ್ ಕಣಲೇ" ಅಂತ ನಗ್ತಾ ಕೂತ್ರು. ಆಮೇಲೆ ನಗು ಬಿಟ್ಟು, ಹತ್ತಿಯವ್ರಿಗೆ ಯಾಕೆ ಆಟದ ಟೀಮು, ಅದರ ಹಿಂದಿನ ಕಥೆ ಕೇಳಿ ಬರೆಸು ಅಂತ ನನ್ನ ಬೆನ್ನು ಹತ್ತಿದಾರೆ. ಸ್ವಲ್ಪ ಬಿಡಿಸಿ ಹೇಳ್ತೀರಾ?
— ನಿಟುವಳ್ಳಿ, ದಾವಣಗೆರೆ

ಉತ್ತರ: ಮೊದಲು ನಿಮ್ಮಪ್ಪಾರಿಗೆ ಒಂದು ನಮಸ್ಕಾರ ಹೇಳ್ರಿ, ಟೀಶರ್ಟ್ ಸಿಕ್ರೆ ಮುಂದುಗಡೆ ಓದೋರೇ ಎಲ್ಲಾ, ಒಳಗಿನ ಲೇಬಲ್ ತಿರುಗಿಸಿ ನೋಡೋದು ಮಿಲ್ಲಲ್ಲಿ ದುಡಿದವ್ರೇ.

ಸ್ಪ್ಯಾನಿಶಲ್ಲಿ 'ಅಲ್ಗೊದೋನ್' ಅಂದ್ರೆ ಹತ್ತಿ, ಅಲ್ಗೊದೊನೆರೋಸ್ ಅಂದ್ರೆ ಹತ್ತಿ ಬೆಳೆಯೋರು, ಹತ್ತಿ ಕೆಲಸದವ್ರು. ಆ ಪದ ಹುಟ್ಟಿದ್ದು ಅರಬ್ಬಿಯ 'ಕುತ್ನ್' ಅನ್ನೋದ್ರಿಂದ, ಇಂಗ್ಲಿಷಿನ ಕಾಟನ್ನೂ ಅದೇ ಬೇರಿಂದ ಬಂದಿದ್ದು. ಟೀಮಿನ ಊರು ತೊರ್ರೆಯೋನ್, ಮೆಕ್ಸಿಕೋದ ಉತ್ತರದಲ್ಲಿ ಕೊಅವೀಲಾ ಅನ್ನೋ ರಾಜ್ಯದಲ್ಲಿ ಬರುತ್ತೆ. ನಾಸಾಸ್ ಅಂತ ಒಂದು ನದಿ, ಆ ಕಡೆ ದಡದಲ್ಲಿ ಗೋಮೆಸ್ ಪಲಾಸಿಯೊ, ಲೆರ್ದೊ ಅಂತ ಇನ್ನೆರಡು ಊರು, ಅವು ದುರಾಂಗೊ ರಾಜ್ಯಕ್ಕೆ ಸೇರಿದ್ದು. (ದುರಾಂಗೊಗೂ ನಮ್ಮ ದುರ್ಗಕ್ಕೂ ಏನೂ ಸಂಬಂಧ ಇಲ್ಲ, ಯಾರಾದ್ರೂ ಸಂಶೋಧನೆ ಶುರು ಮಾಡೋಕೆ ಮುಂಚೆನೇ ಹೇಳಿಬಿಡ್ತೀನಿ.) ನಮ್ಮ ದಾವಣಗೆರೆ-ಹರಿಹರ ಇದ್ದಂಗೆ ಅನ್ಕೊಳ್ಳಿ, ಊರು ಬೇರೆ ಬೇರೆ, ಸಂತೆ ಒಂದೇ. ಈ ಇಡೀ ಸೀಮೆಗೆ 'ಲಾ ಲಗೂನಾ' ಅಂತಾರೆ, ಅಂದ್ರೆ ಕೆರೆ ಸೀಮೆ. ನಾಸಾಸ್ ನದಿ ಸಮುದ್ರ ಸೇರೋದೇ ಇಲ್ಲ, ಬೆಟ್ಟದಿಂದ ಇಳಿದು ಈ ಬಯಲಿಗೆ ಬಂದು ಕೆರೆ ಥರ ಹರಡ್ಕೊಂಡು ಅಲ್ಲೇ ಇಂಗಿಹೋಗ್ತಿತ್ತು, ಹಂಗೆ ಹರಡಿದಾಗ ಬಿಟ್ಟುಹೋಗೋ ಮೆಕ್ಕಲು ಮಣ್ಣಲ್ಲೇ ಅಲ್ಲಿ ಹತ್ತಿ ಬೆಳೆದಿದ್ದು. 'ಬಿಳಿ ಬಂಗಾರ' ಅಂತ ಕರೀತಿದ್ರು. 1880ರ ದಶಕದಲ್ಲಿ ರೈಲು ಬಂತು, ಎರಡು ದಾರಿ ಕೂಡೋ ಜಂಕ್ಷನ್ ಆಯ್ತು, ಬರೀ ಜಮೀನಿದ್ದ ಜಾಗ 1907ಕ್ಕೆ ಪಟ್ಟಣ ಅನ್ನಿಸ್ಕೊಳ್ತು. ಹತ್ತಿ, ರೈಲು, ಜಿನ್ನಿಂಗು, ಮಿಲ್ಲು, ದಲಾಲಿ ಅಂಗಡಿ. ಈ ಕಥೆ ದಾವಣಗೆರೆಯವ್ರಿಗೆ ನಾನು ಹೇಳ್ಬೇಕಾ?

ಆದ್ರೆ ದುಡಿಯೋರ ಕಥೆ ಬೇರೆ ಇತ್ತು. ಜಮೀನೆಲ್ಲ ಕೆಲವೇ ದೊಡ್ಡ ಮಾಲೀಕರ ಕೈಲಿ, ವಿದೇಶಿ ಕಂಪನಿಗಳೂ ಇದ್ವು, ಹತ್ತಿ ಬಿಡಿಸೋ ಕಾಲಕ್ಕೆ ಬೇರೆ ಬೇರೆ ಕಡೆಯಿಂದ ಕೂಲಿಯೋರು ಗುಂಪು ಗುಂಪಾಗಿ ಬಂದು ಸುಗ್ಗಿ ಮುಗಿದ್ಮೇಲೆ ಕೈ ಖಾಲಿ ಮಾಡ್ಕೊಂಡು ನಿಲ್ತಿದ್ರು. 1936ರ ಆಗಸ್ಟಲ್ಲಿ ಆ ಸೀಮೆಯ ಕೂಲಿಕಾರರೆಲ್ಲ ಸೇರಿ ದೊಡ್ಡ ಮುಷ್ಕರ ಹೂಡಿದ್ರು, ಅಕ್ಟೋಬರಲ್ಲಿ ಅಧ್ಯಕ್ಷ ಲಾಸಾರೊ ಕಾರ್ದೆನಾಸ್ ಆ ಜಮೀನೆಲ್ಲ ಒಡೆದು ಹಂಚಿ ಅಂತ ಆದೇಶ ಮಾಡಿಬಿಟ್ರು. 30 ಸಾವಿರಕ್ಕೂ ಜಾಸ್ತಿ ಕುಟುಂಬಕ್ಕೆ ಭೂಮಿ ಸಿಕ್ತು, ಒಬ್ಬೊಬ್ಬರ ಹೆಸರಿಗಲ್ಲ, ಊರೊಟ್ಟಿನ ಹೆಸರಿಗೆ. ನಮ್ಮಲ್ಲಿ 'ಉಳುವವನೇ ಹೊಲದೊಡೆಯ' ಅಂತ ಕಾನೂನು ಬಂದು ಫಾರಂ 7 ಹಿಡ್ಕೊಂಡು ತಾಲ್ಲೂಕು ಕಚೇರಿ ಸುತ್ತಿದ್ದು 1974ರ ಮೇಲೆ, ಅಲ್ಲಿಗೂ ಇಲ್ಲಿಗೂ 38 ವರ್ಷದ ಅಂತರ.

ಇದೆಲ್ಲ ಬೇಸ್‌ಬಾಲಿಗೆ ಯಾಕೆ ಅಂದ್ರೆ, ಅದಾಗಿ ನಾಲ್ಕೇ ವರ್ಷಕ್ಕೆ, 1940ರಲ್ಲಿ, ಈ ಟೀಮು ಮೆಕ್ಸಿಕನ್ ಲೀಗಿಗೆ ಕಾಲಿಟ್ಟಿತು. ಲೀಗು 1925ರಿಂದಲೇ ಇತ್ತು. ಸ್ಟೇಡಿಯಮ್ಮೂ ರೆಡಿ ಇತ್ತು, 1932ರಲ್ಲಿ ಕಟ್ಟಿದ 'ಎಸ್ತಾದಿಯೊ ರೆವೊಲುಸಿಯೋನ್', ಕ್ರಾಂತಿ ಸ್ಟೇಡಿಯಂ ಅನ್ನಿ, ಇವತ್ತಿಗೂ ಅದರಲ್ಲೇ ಆಡ್ತಾರೆ. ಟೀಮಿಗೆ ಊರ ದೊಡ್ಡ ಮನುಷ್ಯರ ಹೆಸರು ಇಟ್ಟಿಲ್ಲ, ಹುಲಿ ಸಿಂಹ ಅಂತಾನೂ ಇಟ್ಟಿಲ್ಲ, ಹತ್ತಿಯವ್ರು ಅಂತ ಇಟ್ರು. ನನಗಂತೂ ಇದು ಬಾಳ ಹಿಡಿಸ್ತು.

ಎರಡೇ ವರ್ಷದಲ್ಲಿ, 1942ಕ್ಕೆ, ಕಪ್ಪು ಗೆದ್ರು. ಗೆಲ್ಲಿಸಿದ್ದು ಒಬ್ಬ ಮನುಷ್ಯ ಅಂದ್ರೂ ನಡೆಯುತ್ತೆ: ಮಾರ್ತೀನ್ ದಿಹಿಗೊ, ಕ್ಯೂಬಾದವ್ನು. ನಮ್ಮ 'ದಾವಣಗೆರೆ ಎಕ್ಸ್‌ಪ್ರೆಸ್' ವಿನಯ್ ಕುಮಾರ್ ಕ್ಯಾಪ್ಟನ್ ಆಗಿ ಬೆನ್ನುಬೆನ್ನಿಗೆ ಎರಡು ಸಲ ರಣಜಿ ತಂದುಕೊಟ್ರಲ್ಲ, ಬಾಲೂ ಹಾಕಿ ಬ್ಯಾಟೂ ಬೀಸಿ, ಅದನ್ನ ನೆನಪು ಮಾಡ್ಕೊಳ್ಳಿ. ಬೇಸ್‌ಬಾಲಲ್ಲಿ ಇದು ಇನ್ನೂ ಕಷ್ಟ, ಅಲ್ಲಿ ಚೆಂಡು ಎಸೆಯೋ ಪಿಚರ್‌ಗೆ ಬ್ಯಾಟಿಂಗ್ ಬರೋದೇ ಇಲ್ಲ ಅನ್ನೋದು ವಾಡಿಕೆ. ದಿಹಿಗೊ ಆ ವರ್ಷ ಪಿಚರ್ ಆಗಿ 22 ಮ್ಯಾಚು ಗೆಲ್ಲಿಸಿ 7 ಸೋತ, ಒಂಬತ್ತು ಇನ್ನಿಂಗ್ಸಿಗೆ ಸರಾಸರಿ ಎರಡೂವರೆ ರನ್ ಕೊಟ್ಟಿದ್ದಾನೆ ಅಷ್ಟೇ, ಮೇಲಿಂದ ಬ್ಯಾಟಿಂಗಲ್ಲಿ .319 ಸರಾಸರಿ (ಸಾವಿರ ಸಲಕ್ಕೆ 319 ಸಲ ಹೊಡೆದಂಗೆ), ಅದರ ಮೇಲೆ ಟೀಮಿನ ಮ್ಯಾನೇಜರ್ರೂ, ಅಂದ್ರೆ ಕೋಚೂ, ಅವನೇ. ಅದಕ್ಕೆ ಮುಂಚೆ 1938ರಲ್ಲಿ ವೆರಾಕ್ರುಸ್ ಟೀಮಿಗೆ ಆಡುವಾಗ 18 ಗೆದ್ದು 2 ಸೋತಿದ್ದ, ಅದೇ ವರ್ಷ ಇಡೀ ಲೀಗಿಗೆ ಬ್ಯಾಟಿಂಗಲ್ಲಿ ಫಸ್ಟೂ ಅವನೇ. ಮೆಕ್ಸಿಕೋದವ್ರು ಅವನಿಗೆ 'ಎಲ್ ಮಾಯೆಸ್ತ್ರೊ' ಅಂದ್ರು, ಮೇಷ್ಟ್ರು ಅಂತ. ಹೆಸರು ಸರಿಯಾಗೇ ಇಟ್ಟಿದಾರೆ.

ಪ್ರಶ್ನೆ: ನಮಸ್ತೆ, ನಾನು ಡಿಗ್ರಿ ಸ್ಟೂಡೆಂಟ್. ಮೆಕ್ಸಿಕೋ ಬೇಸ್‌ಬಾಲ್ ಅಂತ ಯೂಟ್ಯೂಬಲ್ಲಿ ಹುಡುಕಿದ್ರೆ ಹಳೇ ಫೋಟೋಗಳಲ್ಲಿ ಅಮೆರಿಕದ ಬ್ಲ್ಯಾಕ್ ಪ್ಲೇಯರ್ಸ್ ತುಂಬಾ ಕಾಣಿಸ್ತಾರೆ. ಅಮೆರಿಕದಲ್ಲೇ ಅಷ್ಟು ದುಡ್ಡಿನ ಲೀಗ್ ಇರುವಾಗ ಅವರು ಮೆಕ್ಸಿಕೋಗೆ ಯಾಕೆ ಹೋದ್ರು?
— ಚಿತ್ರದುರ್ಗ

ಉತ್ತರ: ಯಾಕಂದ್ರೆ ಅಲ್ಲಿ ಬಾಗಿಲು ಹಾಕಿತ್ತು ತಮ್ಮಾ. 1947ರಲ್ಲಿ ಜಾಕಿ ರಾಬಿನ್ಸನ್ ಅನ್ನೋ ಕರಿಯ ಆಟಗಾರ ಬರೋ ತನಕ ಅಮೆರಿಕದ ಮೇಜರ್ ಲೀಗಲ್ಲಿ, ಅಂದ್ರೆ ಅಲ್ಲಿನ ದೊಡ್ಡ ಲೀಗಲ್ಲಿ, ಕರಿಯರನ್ನ ಸೇರಿಸ್ತಾನೇ ಇರಲಿಲ್ಲ, ಬರವಣಿಗೇಲಿ ಕಾನೂನು ಇರ್ಲಿಲ್ಲ, ಆದ್ರೆ ಎಲ್ಲ ಮಾಲೀಕರೂ ಮನಸ್ಸಲ್ಲೇ ಗೆರೆ ಎಳ್ಕೊಂಡಿದ್ರು. ಇಂಥ ಬರೆಯದೇ ಇರೋ ಕಾನೂನು ಹೆಂಗೆ ಕೆಲಸ ಮಾಡುತ್ತೆ ಅಂತ ನಮ್ಮ ಹಳ್ಳಿ ಹೋಟೆಲುಗಳಲ್ಲಿ ಬೇರೆ ಲೋಟ ಇಡ್ತಿದ್ದನ್ನ ನೋಡಿದವ್ರಿಗೆ ಹೇಳಿಕೊಡ್ಬೇಕಾಗಿಲ್ಲ. ಅವರಿಗೇ ಅಂತ ಬೇರೆ ನೀಗ್ರೊ ಲೀಗ್ ಇತ್ತು, ಸಂಬಳ ಕಮ್ಮಿ, ಬಸ್ಸಲ್ಲೇ ನಿದ್ದೆ, ಎಷ್ಟೋ ಊರಲ್ಲಿ ಊಟಕ್ಕೆ ಹೋಟೆಲ್ ಒಳಗೆ ಬಿಡ್ತಿರಲಿಲ್ಲ. ಮೆಕ್ಸಿಕೋದಲ್ಲಿ ದುಡ್ಡೂ ಜಾಸ್ತಿ, ಯಾವ ಹೋಟೆಲಲ್ಲಾದ್ರೂ ಇರಬಹುದು, ಯಾರ ಪಕ್ಕದಲ್ಲಾದ್ರೂ ಕೂತು ಉಣ್ಣಬಹುದು. ವಿಲ್ಲಿ ವೆಲ್ಸ್ ಅನ್ನೋ ದೊಡ್ಡ ಆಟಗಾರ ಆಗಿನ ಕಾಲದ ಪತ್ರಕರ್ತನೊಬ್ಬನಿಗೆ ಹೇಳಿದ್ದ, ಅಮೆರಿಕದಲ್ಲಿ ನಾನು ಕರಿಯ, ಇಲ್ಲಿ ಮನುಷ್ಯ ಅನ್ನೋ ಅರ್ಥದಲ್ಲಿ.

ನಮ್ಮ ಹತ್ತಿ ಟೀಮಿಗೂ ಒಬ್ಬ ಬಂದಿದ್ದ, ಹೆಸರು ಜೇಮ್ಸ್ ಬೆಲ್, ಎಲ್ಲರೂ ಕರೆಯೋದು 'ಕೂಲ್ ಪಾಪಾ' ಬೆಲ್ ಅಂತ. ಓಟಕ್ಕೆ ಫೇಮಸ್ಸು. ಅವನ ದೋಸ್ತು ಸ್ಯಾಚೆಲ್ ಪೇಜ್ ಬಿಡ್ತಿದ್ದ ಒಂದು ಬುರುಡೆ ಇವತ್ತಿಗೂ ಓಡ್ತಾ ಐತೆ: ಬೆಲ್ ಎಷ್ಟು ಜೋರಾಗಿ ಓಡ್ತಾನೆ ಅಂದ್ರೆ ಲೈಟ್ ಸ್ವಿಚ್ ಆಫ್ ಮಾಡಿ ರೂಮು ಕತ್ತಲಾಗೋದ್ರೊಳಗೆ ಹಾಸಿಗೇಲಿ ಮಲಗಿರ್ತಾನೆ ಅಂತ. 1940ರ ಸೀಸನ್ನಲ್ಲಿ ಅವ್ನು ಅರ್ಧ ತೊರ್ರೆಯೋನಿಗೆ ಅರ್ಧ ವೆರಾಕ್ರುಸಿಗೆ ಆಡಿ .437 ಸರಾಸರಿ, 12 ಹೋಮ್ ರನ್ (ನಮ್ಮ ಸಿಕ್ಸರ್ ಥರ), 79 ಆರ್‌ಬಿಐ, ಅಂದ್ರೆ ಇವನ ಹೊಡೆತದಿಂದ ಟೀಮಿಗೆ ಸೇರಿದ ರನ್ನು, ಇಷ್ಟೂ ಮಾಡಿ ಮೂರರಲ್ಲೂ ಲೀಗಿಗೇ ಮೊದಲು ಬಂದ. .437 ಅಂದ್ರೆ ಸಾವಿರ ಸಲ ಬ್ಯಾಟ್ ಹಿಡಿದ್ರೆ 437 ಸಲ ಹೊಡೆದು ಬೇಸ್ ಮುಟ್ಟಿದ ಲೆಕ್ಕ. ಈಗಿನ ಕಾಲದಲ್ಲಿ .300 ದಾಟಿದ್ರೇ ಹಾರ ಹಾಕ್ತಾರೆ. ಆಗ ಅವನ ವಯಸ್ಸು ನಲವತ್ತರ ಹತ್ರ ಹತ್ರ! ಬೆಲ್‌ನ ಅಮೆರಿಕದ ಹಾಲ್ ಆಫ್ ಫೇಮಿಗೆ, ಅಂದ್ರೆ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಗೆ, ಸೇರಿಸಿದ್ದು 1974ರಲ್ಲಿ, ದಿಹಿಗೊನ 1977ರಲ್ಲಿ, ಅಷ್ಟೊತ್ತಿಗೆ ದಿಹಿಗೊ ಸತ್ತು ಆರು ವರ್ಷ. ಇಬ್ಬರೂ ಮೇಜರ್ ಲೀಗಲ್ಲಿ ಒಂದೇ ಒಂದು ಮ್ಯಾಚ್ ಆಡಿಲ್ಲ. ಆಡಿಸದೇ ಇದ್ದೋರೇ ಕೊನೆಗೆ ಗೋಡೆ ಮೇಲೆ ಹೆಸರು ಕೆತ್ತಿದ್ರು.

ಪ್ರಶ್ನೆ: ಅಣ್ಣಾರೆ ನಾನು ಮಂಡಿಪೇಟೇಲಿ ಮೂಟೆ ಹೊರೋನು. ಹಮಾಲರ ಹೆಸರಲ್ಲಿ ಟೀಮ್ ಐತೆ ಅಂತ ಬರೆದಿದ್ರಲ್ಲ ನಮ್ಮ ಹುಡುಗ್ರು ಯಾರೂ ನಂಬ್ತಿಲ್ಲ. ನಿಜಾನಾ?
— ದಾವಣಗೆರೆ

ಉತ್ತರ: ನಿಜ ಅಣ್ಣಾ, ತಲೆ ಮೇಲೆ ಹೊಡೆದಂಗೆ ನಿಜ. ತಾಂಪೀಕೊ ಅಂತ ಒಂದು ಬಂದರು ಊರು. ಅಲ್ಲಿ ಹಡಗಿನಿಂದ ಸರಕು ಇಳಿಸೋರಿಗೆ 'ಅಲಿಹಾದೋರೆಸ್' ಅಂತಾರೆ, ಟೀಮಿನ ಹೆಸರೂ ಅದೇ. 1945, 1946 ಎರಡೂ ವರ್ಷ ಲೀಗ್ ಕಪ್ಪು ಹಮಾಲರದ್ದೇ! ಅವರ ಸ್ಟೇಡಿಯಮ್ಮಿಂದು ಇನ್ನೊಂದು ಮಜಾ ಐತೆ, ಮೈದಾನದ ಔಟ್‌ಫೀಲ್ಡಲ್ಲಿ ಅಡ್ಡಡ್ಡ ರೈಲು ಹಳಿ ಹಾದುಹೋಗಿತ್ತು. ಸುಮ್ನೆ ಹಳೇ ಹಳಿ ಅಲ್ಲ, ನಿಜವಾಗ್ಲೂ ರೈಲು ಓಡೋ ಹಳಿ. ಮ್ಯಾಚ್ ನಡೀತಿರೋವಾಗ ಗೂಡ್ಸ್ ಗಾಡಿ ಬಂದ್ರೆ ಗೇಟ್ ತೆಗೀತಿದ್ರು, ಆಟ ನಿಲ್ಲಿಸ್ತಿದ್ರು, ಫೀಲ್ಡರು ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿರ್ತಿದ್ರು, ಬೋಗಿ ಎಲ್ಲ ಹೋದ್ಮೇಲೆ ಮುಂದುವರಿಸ್ತಿದ್ರು. ನಮ್ಮ ಅಶೋಕ ಟಾಕೀಸ್ ಹತ್ರದ ರೈಲ್ವೆ ಗೇಟಲ್ಲಿ ಸ್ಕೂಟರ್ ಆಫ್ ಮಾಡ್ಕೊಂಡು ಬೋಗಿ ಎಣಿಸಿದ ದಾವಣಗೆರೆಯೋರಿಗೆ ಇದು ಅರ್ಥ ಆದಂಗೆ ಇನ್ಯಾರಿಗೂ ಆಗಲ್ಲ, ಅಲ್ಲಿ ಮಾತ್ರ ಎರಡೂ ಕಡೆ ಬೈಕ್ ನುಗ್ಗಿಸೋರು ಇರ್ಲಿಲ್ಲ ಅಷ್ಟೇ.

ಚಳ್ಳಕೆರೆಯ ಓದುಗರು ಕಂಬಳಿಯವ್ರ ಟೀಮ್ ಯಾವುದು ಅಂತ ಕೇಳಿದಾರೆ, ಅವರಿಗೂ ಇಲ್ಲೇ ಹೇಳಿಬಿಡ್ತೀನಿ. ತೊರ್ರೆಯೋನ್ ಇರೋ ರಾಜ್ಯದಲ್ಲೇ ಸಲ್ತೀಯೊ ಅನ್ನೋ ಊರು, ಅಲ್ಲಿ ಬಣ್ಣ ಬಣ್ಣದ ಪಟ್ಟೆಯ 'ಸರಾಪೆ' ಅನ್ನೋ ಹೊದಿಕೆ ನೇಯ್ತಾರೆ, ಹೆಗಲ ಮೇಲೆ ಹಾಕ್ಕೊಳ್ಳೋದು, ಹೊದ್ದು ಮಲಗೋದು, ನಿಮ್ಮ ಕಂಬಳಿಗೆ ಹಬ್ಬದ ಬಟ್ಟೆ ಹಾಕಿದಂಗೆ ಇರುತ್ತೆ. ಅವರ ಟೀಮು ಸರಾಪೆರೋಸ್, 1970ರಲ್ಲಿ ಶುರುವಾಗಿದ್ದು, 1980, 2009, 2010 ಮೂರು ಸಲ ಗೆದ್ದಿದಾರೆ. ಒಂದೇ ರಾಜ್ಯದ ಊರು ಅಂದ್ಮೇಲೆ ಹತ್ತಿಯವ್ರಿಗೂ ಕಂಬಳಿಯವ್ರಿಗೂ ಆಗಿಬರಲ್ಲ, ಅದನ್ನ ಬೇರೆ ಹೇಳ್ಬೇಕಾಗಿಲ್ಲ. ಇನ್ನೂ ಎಷ್ಟೋ ಇದಾವೆ ಇಂಥವು. ಮೊನ್‌ಕ್ಲೋವಾದ ಉಕ್ಕಿನವ್ರು, ಅಗ್ವಾಸ್ಕಲಿಯೆಂತೆಸಿನ ರೈಲ್ವೆಯವ್ರು, ಚಳಿಗಾಲದಲ್ಲಿ ನಡೆಯೋ ಇನ್ನೊಂದು ಲೀಗಲ್ಲಿ ಎರ್ಮೊಸಿಯೊದ ಕಿತ್ತಳೆಯವ್ರು, ಕುಲಿಯಕಾನಿನ ಟೊಮ್ಯಾಟೊದವ್ರು, ಲೋಸ್ ಮೋಚಿಸಿನ ಕಬ್ಬಿನವ್ರು. ಟೊಮ್ಯಾಟೊಗೂ ಕಿತ್ತಳೆಗೂ ಫೈನಲ್ಲು ಅಂತ ಪೇಪರಲ್ಲಿ ಬಂದ್ರೆ ಅಲ್ಲಿ ಯಾರೂ ನಗಲ್ಲ. ನಮ್ಮಲ್ಲಿ ಟೀಮ್ ಕಟ್ಟಿದ್ರೆ ರಾಯಲ್ಸು, ಟೈಗರ್ಸು, ವಾರಿಯರ್ಸು. ದಾವಣಗೆರೆ ಮಂಡಕ್ಕಿ ಭಟ್ಟಿಯವ್ರು ಅಂತ ಒಂದು ಕಬಡ್ಡಿ ಟೀಮ್ ಇದ್ದಿದ್ರೆ ನಾನು ಟಿಕೆಟ್ ತಗೊಂಡು ಹೋಗ್ತಿದ್ದೆ.

ಪ್ರಶ್ನೆ: ಬೇಸ್‌ಬಾಲ್ ರೂಲ್ಸ್ ಸಿಂಪಲ್ಲಾಗಿ ಹೇಳಿ ಸರ್, ಕ್ರಿಕೆಟ್ ಗೊತ್ತಿದ್ರೆ ಸಾಕಾ?
— ಹರಿಹರ

ಉತ್ತರ: ಸಾಕು, ಚಿನ್ನಿ-ದಾಂಡು ಗೊತ್ತಿದ್ರೂ ಸಾಕು. ಒಂಬತ್ತು ಜನ, ಒಂಬತ್ತು ಇನ್ನಿಂಗ್ಸ್, ಒಂದು ಸಲಕ್ಕೆ ಮೂರು ಔಟ್ ಆದ್ರೆ ಪಾಳಿ ಬದಲು. ಚೆಂಡು ಪಿಚ್ ಬೀಳಲ್ಲ, ನೇರ ಗಾಳೀಲೇ ಬರುತ್ತೆ. ಹಿಂದಕ್ಕೆ, ಪಕ್ಕಕ್ಕೆ ಹೊಡೆದ್ರೆ ಲೆಕ್ಕಕ್ಕಿಲ್ಲ, ಎದುರಿನ ಎರಡು ಗೆರೆ ಒಳಗೇ ಹೋಗ್ಬೇಕು. ಹೊಡೆದವ್ನು ಬ್ಯಾಟ್ ಬಿಸಾಕಿ ಮೂರು ಬೇಸ್ ಸುತ್ತಿ ವಾಪಸ್ ಹೊರಟ ಜಾಗಕ್ಕೇ ಬಂದ್ರೆ ಒಂದು ರನ್. ಸಿಕ್ಸರ್ ಥರ ಬೇಲಿ ಆಚೆ ಹೊಡೆದ್ರೆ ಹೋಮ್ ರನ್. ಡಿಫೆನ್ಸ್ ಆಡ್ಕೊಂಡು ಲಂಚ್ ತನಕ ನಿಲ್ತೀನಿ ಅನ್ನೋ ಆಟ ಅಲ್ಲಿ ನಡೆಯಲ್ಲ.

ಪ್ರಶ್ನೆ: 1946ರಲ್ಲಿ ಮೆಕ್ಸಿಕೋ ಲೀಗು ಅಮೆರಿಕಕ್ಕೇ ನಡುಕ ಹುಟ್ಟಿಸಿತ್ತು ಅಂತ ಎಲ್ಲೋ ಓದಿದ ನೆನಪು. ಏನದು?
— ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಅದು ಆಗ ಮೆಕ್ಸಿಕನ್ ಲೀಗ್ ನಡೆಸ್ತಿದ್ದ ಹೋರ್ಹೆ ಪಾಸ್ಕೆಲ್ ಅನ್ನೋ ಸಾಹುಕಾರನ ಕಥೆ. ವೆರಾಕ್ರುಸಿನವ್ನು, ಬಂದರಲ್ಲಿ ಕಸ್ಟಮ್ಸ್ ವ್ಯವಹಾರದ ಮನೆತನ, ಅಣ್ಣತಮ್ಮಂದಿರು ಐದು ಜನ, 1946ರ ಕೊನೆಗೆ ಮೆಕ್ಸಿಕೋ ಅಧ್ಯಕ್ಷರಾದ ಮಿಗೆಲ್ ಅಲೆಮಾನ್ ಇವನಿಗೆ ಬೇಕಾದವ್ರು. ಯುದ್ಧ ಮುಗಿದಿತ್ತು, ಅಮೆರಿಕದ ಆಟಗಾರರು ಮಿಲಿಟರಿಯಿಂದ ವಾಪಸ್ ಬರ್ತಿದ್ರು, ಇವ್ನು ದುಡ್ಡಿನ ಚೀಲ ಬಿಚ್ಚಿದ. ಸಾಲ್ ಮ್ಯಾಗ್ಲಿ, ಮ್ಯಾಕ್ಸ್ ಲೇನಿಯರ್, ಮಿಕಿ ಓವೆನ್, ಡ್ಯಾನಿ ಗಾರ್ಡೆಲ್ಲ, ಒಬ್ಬೊಬ್ಬರೇ ಗಡಿ ದಾಟಿದ್ರು. ಸ್ಟಾನ್ ಮ್ಯೂಸಿಯಲ್ ಅನ್ನೋ ದೊಡ್ಡ ಸ್ಟಾರಿಗೂ ಗಾಳ ಹಾಕಿದ್ದ, ಆತ ಬರ್ಲಿಲ್ಲ. ಅಮೆರಿಕದ ಬೇಸ್‌ಬಾಲ್ ದಂತಕಥೆ ಬೇಬ್ ರೂತನ್ನ ಮೆಕ್ಸಿಕೋಗೆ ಅತಿಥಿ ಮಾಡಿ ಕರ್ಕೊಂಡ್ ಬಂದ.

ಅಮೆರಿಕದ ಮಾಲೀಕರು ಯಾಕೆ ಹೆದರಿದ್ರು ಅಂದ್ರೆ ಅಲ್ಲಿ 'ರಿಸರ್ವ್ ಕ್ಲಾಸ್' ಅಂತ ಒಂದು ಷರತ್ತಿತ್ತು, ಒಂದು ಕ್ಲಬ್ಬಿಗೆ ಸಹಿ ಹಾಕಿದ್ರೆ ಒಪ್ಪಂದದ ವರ್ಷ ಮುಗಿದ್ರೂ ಆಟಗಾರ ಆ ಕ್ಲಬ್ಬಿಗೇ ಸೇರಿದ್ದು, ಅವರು ಮಾರಿದ್ರೆ ಮಾರ್ತಾರೆ, ಬಿಟ್ರೆ ಬಿಡ್ತಾರೆ, ಇವ್ನು ಮಾತ್ರ ಸ್ವಂತ ಇಷ್ಟದಿಂದ ಬೇರೆ ಕಡೆ ಹೋಗಂಗಿಲ್ಲ. ಜೀತ ಅಂದ್ರೆ ಜಾಸ್ತಿ ಆಯ್ತು, ಯಾಕಂದ್ರೆ ಸಂಬಳ ಚೆನ್ನಾಗಿತ್ತು, ಆದ್ರೂ ಆ ಪದಾನೇ ಬಾಯಿಗೆ ಬರುತ್ತೆ. ಪಾಸ್ಕೆಲ್ ಇದನ್ನ ಕ್ಯಾರೇ ಅನ್ಲಿಲ್ಲ. ಬೇಸ್‌ಬಾಲ್ ಕಮಿಷನರ್ ಹ್ಯಾಪಿ ಚಾಂಡ್ಲರ್ ಸಿಟ್ಟಾಗಿ ಮೆಕ್ಸಿಕೋಗೆ ಹೋದವ್ರಿಗೆಲ್ಲ 5 ವರ್ಷ ಬಹಿಷ್ಕಾರ ಹಾಕಿದ್ರು. ಗಾರ್ಡೆಲ್ಲ ಕೋರ್ಟಿಗೆ ಹೋದ, ಕೇಸು ಬಿಗಿ ಆಗ್ತಾ ಹೋದಂಗೆ ಮಾಲೀಕರಿಗೆ ಈ ಷರತ್ತೇ ಬಿದ್ದುಹೋದ್ರೆ ಅಂತ ಎದೆ ಡವಡವ ಅಂತು, 1949ರಲ್ಲಿ ಬಹಿಷ್ಕಾರ ವಾಪಸ್ ತಗೊಂಡ್ರು. ಅಷ್ಟೊತ್ತಿಗೆ ಪಾಸ್ಕೆಲ್ ಕೈ ಸುಟ್ಕೊಂಡಾಗಿತ್ತು. ನಮ್ಮಲ್ಲಿ ಚಿಟ್ ಫಂಡ್ ನಡೆಸಿ ಊರಿಗೆಲ್ಲ ಊಟ ಹಾಕ್ಸಿದ ಸಾಹುಕಾರರ ಥರ, ಮೆರವಣಿಗೆ ಮುಗಿದ್ಮೇಲೆ ಲೆಕ್ಕ ಕೂಡ್ಲಿಲ್ಲ. 1955ರಲ್ಲಿ ವಿಮಾನ ಅಪಘಾತದಲ್ಲಿ ತೀರ್ಕೊಂಡ. ಅದೇ ವರ್ಷ ಮೆಕ್ಸಿಕನ್ ಲೀಗು ಅಮೆರಿಕದ ಮೈನರ್ ಲೀಗ್, ಅಂದ್ರೆ ಕೆಳಹಂತದ ಲೀಗುಗಳ, ವ್ಯವಸ್ಥೆ ಒಳಗೇ ಸೇರ್ಕೊಳ್ತು.

ನನ್ನ ಅಭಿಪ್ರಾಯ ಕೇಳಿದ್ರೆ ಪಾಸ್ಕೆಲ್ ತಂದ ಬಿಳಿ ಸ್ಟಾರುಗಳಿಗಿಂತ ಅದಕ್ಕೂ ಮುಂಚೆ ಸದ್ದಿಲ್ದೆ ಬಂದು ಆಡಿದ ಕರಿಯ ಆಟಗಾರರೇ ಆ ಲೀಗನ್ನ ಲೀಗ್ ಮಾಡಿದ್ದು. ಪೇಪರಲ್ಲಿ ಹೆಡ್‌ಲೈನ್ ಆಗಿದ್ದು ಆ ಬಿಳಿ ಸ್ಟಾರುಗಳು, ಅಷ್ಟೇ.

ಪ್ರಶ್ನೆ: ಅಲ್ಲಿ ಈಗಲೂ ಹತ್ತಿ ಬೆಳೀತಾರಾ? ಟೀಮ್ ಆಮೇಲೆ ಏನಾಯ್ತು?
— ಹಿರಿಯೂರು

ಉತ್ತರ: ಹಿರಿಯೂರಿಂದ ಈ ಪ್ರಶ್ನೆ ಬಂದಿದ್ದು ನೋಡಿ ಖುಷಿ ಆಯ್ತು, ಬತ್ತಿದ ನದಿ ನೋಡಿ ಬೆಳೆದವ್ರಿಗೇ ಇದು ಕೇಳ್ಬೇಕು ಅನ್ಸೋದು. 1946ರಲ್ಲಿ ನಾಸಾಸ್ ನದಿಗೆ ಮೇಲ್ಗಡೆ ದೊಡ್ಡ ಅಣೆಕಟ್ಟು ಕಟ್ಟಿದ್ರು, ಕಾರ್ದೆನಾಸ್ ಹೆಸರೇ ಇಟ್ರು. ನೀರು ಕಾಲುವೆಗೆ ಹೋಯ್ತು, ಊರ ಮಧ್ಯದ ನದಿ ಪಾತ್ರ ಒಣಗಿ ಮರಳಾಯ್ತು, ಈಗ ಯಾವಾಗ್ಲಾದ್ರೂ ಅಪರೂಪಕ್ಕೆ ನೀರು ಬಿಟ್ರೆ ಜನ ಮಕ್ಕಳು ಮರಿ ಕಟ್ಕೊಂಡು ಸೇತುವೆ ಮೇಲೆ ಬಂದು ನೋಡ್ತಾರೆ. ನಿಮ್ಮ ವಾಣಿವಿಲಾಸ ಸಾಗರ 1933ರ ಮೇಲೆ 2022ರಲ್ಲಿ ಕೋಡಿ ಬಿದ್ದಾಗ ಬಾಗಿನ, ಬಜ್ಜಿ ಅಂಗಡಿ, ಟ್ರಾಫಿಕ್ ಜಾಮ್ ಎಲ್ಲ ಆಯ್ತಲ್ಲ, ಹಂಗೆ.

ಟೀಮು 1950ರಲ್ಲಿ ಎರಡನೇ ಕಪ್ಪು ಗೆದ್ದಿತು. ಅದೇ ಕೊನೇದು, ಇವತ್ತಿಗೂ ಎರಡೇ. ಆ ದಶಕದಲ್ಲಿ ಬರ ಬಿತ್ತು, ಹತ್ತಿ ರೇಟು ಬಿತ್ತು, ನೈಲಾನ್ ಪಾಲಿಯೆಸ್ಟರ್ ಬಂತು (ನಿಟುವಳ್ಳಿ ಅಜ್ಜಾರು ಗಮನಿಸ್ಬೇಕು), ಟೀಮೂ ಲೀಗಿಂದ ಹೊರಗೆ ಬಿತ್ತು. ರೈತರು ನಿಧಾನಕ್ಕೆ ಹತ್ತಿ ಬಿಟ್ಟು ಕುದುರೆ ಮೆಂತ್ಯದ ಸೊಪ್ಪು, ಮೇವು, ಹಸು ಅಂತ ತಿರುಗಿದ್ರು. ಇವತ್ತು ಮೆಕ್ಸಿಕೋದ ಅತಿ ದೊಡ್ಡ ಹಾಲಿನ ಕಂಪನಿಗಳಲ್ಲಿ ಒಂದಾದ 'ಲಾಲಾ' ಹುಟ್ಟಿದ್ದು ಅಲ್ಲೇ, ಲಾ ಲಗೂನಾ ಅನ್ನೋದ್ರ ಮೊದಲ ಅಕ್ಷರಗಳೇ ಅದರ ಹೆಸರು. ಮರಳುಗಾಡಲ್ಲಿ ಹಾಲಿನ ಹೊಳೆ ಹರಿಸೋಕೆ ಬೋರ್‌ವೆಲ್ ಆಳಕ್ಕೆ ಹೋಯ್ತು, ಹೋದಂಗೆ ನೀರಲ್ಲಿ ಆರ್ಸೆನಿಕ್ ಅನ್ನೋ ವಿಷ. ನಮ್ಮ ಚಿತ್ರದುರ್ಗ ಸೀಮೇಲಿ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಾದವ್ರಿಗೆ ಇದನ್ನ ವಿವರಿಸೋದು ಬೇಡ.

1970ರ ದಶಕದಲ್ಲಿ ಟೀಮು ವಾಪಸ್ ಬಂತು, 1990ರಲ್ಲಿ ಫೈನಲ್ ತನಕ ಹೋಗಿ ಲೆಯೋನ್ ಅನ್ನೋ ಊರಿನ ಟೀಮಿಗೆ ಸೋತ್ರು. ಆಮೇಲೆ 2000ರ ದಶಕದಲ್ಲಿ ಊರ ಟೀಮಿಗೆ ಹೆಸರು 'ವಾಕೆರೋಸ್ ಲಗೂನಾ' ಅಂತ ಆಯ್ತು. ವಾಕೆರೋಸ್ ಅಂದ್ರೆ ದನ ಕಾಯೋರು! ಬೇಕಂತ ಇಟ್ರೋ ಕಾಕತಾಳೀಯವೋ, ಹೊಲದಲ್ಲಿ ಹತ್ತಿ ಹೋಗಿ ಹಸು ಬಂದ್ಮೇಲೆ ಶರ್ಟಿನ ಮೇಲೂ ಹಸುವಿನವ್ರು ಬಂದ್ರು. ಸುಮಾರು ವರ್ಷ ಹಂಗೇ ಆಡಿದ್ರು. ಈಚೆಗೆ ಕೆಲವು ವರ್ಷದ ಹಿಂದೆ ಹೊಸ ಮಾಲೀಕರು ಬಂದು ಹಳೇ ಹೆಸರು ವಾಪಸ್ ತಂದ್ರು, ಅಲ್ಗೊದೊನೆರೋಸ್. ಹತ್ತಿ ಈಗಲೂ ಸ್ವಲ್ಪ ಬೆಳೀತಾರೆ, ಹಳೇ ವೈಭವ ಇಲ್ಲ. ಆದ್ರೂ ಜನ ದನದವ್ರು ಅನ್ನೋದಕ್ಕಿಂತ ಹತ್ತಿಯವ್ರು ಅಂತ ಕೂಗೋದನ್ನೇ ಇಷ್ಟ ಪಟ್ರು. 2023ರಲ್ಲಿ ಫೈನಲ್ಲಿಗೂ ಬಂದ್ರು, ಪುಯೆಬ್ಲಾದ ಗಿಳಿಗಳ ಕೈಲಿ ಸೋತ್ರು, ಹೌದು, ಆ ಟೀಮಿನ ಹೆಸರು ಗಿಳಿಗಳು ಅಂತಾನೇ.

ನಾನು ಚಿಕ್ಕೋನಿದ್ದಾಗ ನಮ್ಮ ಮನೆ ಮಿಲ್ ಕಾಂಪೌಂಡಿಗೆ ಹತ್ರ. ಪಾಳಿ ಬಿಟ್ಟು ಬರೋರ ಹುಬ್ಬಿನ ಮೇಲೆ, ಕಿವಿ ಕೂದಲ ಮೇಲೆ ಅರಳೆ ಕೂತಿರ್ತಿತ್ತು, ಇಪ್ಪತ್ತೈದರ ಹುಡುಗರೂ ಮುದುಕರಂಗೆ ಕಾಣೋರು, ಕೊಳಾಯಿ ಹತ್ರ ಮುಖ ತೊಳ್ಕೊಂಡ್ಮೇಲೇನೇ ವಯಸ್ಸು ಗೊತ್ತಾಗೋದು. ಸೈರನ್ ಕೂಗಿದ್ರೆ ನಮ್ಮಮ್ಮ ಅನ್ನಕ್ಕೆ ಇಡೋರು. ಈಗ ಆ ಜಾಗದಲ್ಲಿ ಸೈಟು, ಕಲ್ಯಾಣ ಮಂಟಪ. ಸುತ್ತ ಹೊಲದಲ್ಲಿ ಮೆಕ್ಕೆಜೋಳ. ಮಜಾ ಅಂದ್ರೆ ಮೆಕ್ಕೆಜೋಳದ ತವರೂ ಮೆಕ್ಸಿಕೋನೇ, ಮಿರ್ಚಿಗೆ ಹಾಕೋ ಮೆಣಸಿನಕಾಯಿ ಆ ಕಡೇದೇ, ನಮ್ಮ ಮಿಲ್ಲುಗಳು ನೂಲಿದ ಅಮೆರಿಕನ್ ಹತ್ತಿ ಜಾತಿಯ ಮೂಲವೂ ಅಲ್ಲೇ. 'ಕರ್ನಾಟಕದ ಮ್ಯಾಂಚೆಸ್ಟರ್' ಅಂತ ಬೇರೆಯವ್ರ ಊರಿನ ಹೆಸರು ಹೇಳ್ಕೊಂಡು ತಿರುಗಿದ್ವಿ, ಹತ್ತಿಯವ್ರು ಅಂತ ನಮ್ಮನ್ನ ನಾವು ಕರ್ಕೊಳ್ಳಲೇ ಇಲ್ಲ ನೋಡಿ.

ಪ್ರಶ್ನೆ: ಸರ್, ಮತ್ತೆ ನಾನೇ ನಿಟುವಳ್ಳಿಯಿಂದ. ಟೀಶರ್ಟು ಈಗ ನಮ್ಮಪ್ಪಾರ ಹತ್ರ ಐತೆ, ಮಗನಿಗೆ ವಾಪಸ್ ಕೊಡ್ತಿಲ್ಲ, ಅದನ್ನೇ ಹಾಕ್ಕೊಂಡು ವಾಕಿಂಗ್ ಹೋಗ್ತಾರೆ. ಮ್ಯಾಚ್ ಯಾವಾಗ ಇರುತ್ತೆ ಅಂತ ಕೇಳ್ತಿದಾರೆ.

ಉತ್ತರ: ಸೀಸನ್ನು ಏಪ್ರಿಲಲ್ಲಿ ಶುರು, ಫೈನಲ್ಲು ಸೆಪ್ಟೆಂಬರ್ ಹೊತ್ತಿಗೆ. ಅಲ್ಲಿಗೂ ನಮಗೂ ಹನ್ನೊಂದೂವರೆ ಗಂಟೆ ವ್ಯತ್ಯಾಸ, ತೊರ್ರೆಯೋನಲ್ಲಿ ಸಂಜೆ ಏಳೂವರೆಗೆ ಮೊದಲ ಚೆಂಡು ಬಿದ್ರೆ ದಾವಣಗೆರೇಲಿ ಮಾರನೇ ದಿನ ಬೆಳಗ್ಗೆ ಏಳು. ಅಪ್ಪಾರು ವಾಕಿಂಗ್ ಮುಗಿಸಿ ಬೆಣ್ಣೆ ದೋಸೆ ಕಟ್ಟಿಸ್ಕೊಂಡು ಬಂದು ಕೂತ್ರೆ ಎರಡನೇ ಇನ್ನಿಂಗ್ಸಿಂದ ಮೊಬೈಲಲ್ಲಿ ಸ್ಕೋರ್ ನೋಡಬಹುದು. ಮಗನಿಗೆ ಇನ್ನೊಂದು ಟೀಶರ್ಟ್ ಕೊಡಿಸಿಬಿಡ್ರಿ, 150 ರೂಪಾಯಿ ತಾನೇ.